ಶ್ರುತಿ ಹಿಡಿದವನ ಕಡೆ ಕಿವಿ

(ರಾಯಚೂರಿನಲ್ಲಿ ಒಂದು ಭಾನುವಾರ ಸಂಜೆ ಸಂಗೀತಾಸಕ್ತರ ಮುಂದೆ ಆಡಿದ ಮಾತು. ಗೆಳೆಯರು ಬಿಡಲಿಲ್ಲ ಅಂತ ಬರೆದು ಕೊಟ್ಟಿದ್ದೇನೆ. ನಡುನಡುವೆ ಕೇಳಿಸಿದ ಧ್ವನಿಮುದ್ರಣಗಳನ್ನು ಕಾಗದಕ್ಕೆ ಇಳಿಸಲಾಗದು. ಏನು ಕೇಳಿಸಿದೆ ಅಂತ ಹೇಳಿ ಮುಂದೆ ಹೋಗಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ತಪ್ಪೊಪ್ಪಿಗೆ. ಬ್ಯಾನರ್ ಮೇಲೆ 'ಡ್ರೋನ್ ಸಂಗೀತ' ಅಂತ ಬರೆಸಿದವನು ನಾನೇ. ಈಗ ಒಳಗೆ ಬರುವಾಗ ಬಾಗಿಲಲ್ಲಿ ಇಬ್ಬರು ರೈತರು ತಡೆದು, "ಸರ್, ಹತ್ತಿಗೆ ಔಷಧ ಹೊಡಿಯೋ ಡ್ರೋನ್ ಬಾಡಿಗಿ ಎಷ್ಟು ಅಂತ ಹೇಳ್ತೀರೇನ್ರಿ?" ಅಂತ ಕೇಳಿದರು. ಇದು ಅದಲ್ಲ ಅಂದೆ. ಒಬ್ಬರು ಹೊರಟುಹೋದರು. ಇನ್ನೊಬ್ಬರು, "ಇರ್ಲಿ ಬಿಡ್ರಿ, ಫ್ಯಾನ್ ಐತಿ" ಅಂತ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರಿಗೆ ವಿಶೇಷ ನಮಸ್ಕಾರ. ಇಂಗ್ಲಿಷಿನಲ್ಲಿ ಡ್ರೋನ್ ಅಂದರೆ ಮೊದಲಿಗೆ ಗಂಡು ಜೇನು. ಗುಂಯ್ ಅನ್ನುವ ಆ ಹುಳದ ಹೆಸರನ್ನೇ ಹಾರುವ ಯಂತ್ರಕ್ಕೂ ಇಟ್ಟರು, ಎಡೆಬಿಡದೆ ನಿಂತ ಸ್ವರಕ್ಕೂ ಇಟ್ಟರು. ನಮ್ಮಲ್ಲಿ ಅದಕ್ಕೆ ಚಂದದ ಹೆಸರಿದೆ: ಶ್ರುತಿ.

ನಾನು ಸಂಗೀತಗಾರನಲ್ಲ. ಕರೆಂಟಿನ ಸಬ್‌ಸ್ಟೇಷನ್‌ನಲ್ಲಿ ಮೂವತ್ತೊಂದು ವರ್ಷ ಶಿಫ್ಟ್ ಮಾಡಿ ನಿವೃತ್ತನಾದವನು. ಸಂಗೀತದ ನಂಟು ಅಂದರೆ ನಮ್ಮ ಓಣಿಯ ಭಜನಿ ಮೇಳದಲ್ಲಿ ತಂಬೂರಿ ಹಿಡಿದು ಹಿಂದೆ ಕೂಡುವುದು. ಹಾಡುವವರಿಗೆ ಶಾಲು, ತಬಲಾದವರಿಗೆ ಶಾಲು, ಪೇಟಿಯವರಿಗೂ, ಅಂದರೆ ಹಾರ್ಮೋನಿಯಂನವರಿಗೂ, ಶಾಲು. ಕೊನೆಗೆ ಹಾರ ಉಳಿದಿದ್ದರೆ ತಂಬೂರಿಯವನಿಗೆ. ದೂರು ಹೇಳುತ್ತಿಲ್ಲ, ಆ ಕೆಲಸವೇ ಅಂಥದ್ದು. ತಂಬೂರಿ ನುಡಿಯುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ, ನಿಂತರೆ ಎಲ್ಲರೂ ನೋಡುತ್ತಾರೆ. ಕರೆಂಟಿನದೂ ಅದೇ ಕಥೆ. ಹಿಂದೆ ಕೂತ ಆ ಶ್ರುತಿಯನ್ನು ಮುಂದೆ ತಂದು ಕೂಡಿಸಿ, ಹಾಡುವವನನ್ನೇ ಎಬ್ಬಿಸಿ ಕಳಿಸಿದ ಕೆಲವರು ಜಗತ್ತಿನಲ್ಲಿದ್ದಾರೆ. ಇವತ್ತು ಅವರ ಮಾತು.

ನನ್ನ ಕಿವಿ ತೆರೆದದ್ದು ಸಬ್‌ಸ್ಟೇಷನ್‌ನಲ್ಲೇ. ತೊಂಬತ್ತರ ದಶಕದ ನಡುಭಾಗ, ರಾತ್ರಿ ಪಾಳಿ. ಭಜನಿ ಮುಗಿಸಿಕೊಂಡು ನಮ್ಮ ಪೇಟಿ ಮಾಸ್ತರರು ಸೀದಾ ನನ್ನ ಕಡೆ ಬಂದರು. ಊರಿಗೆ ಹೋಗುವ ಬಸ್ಸು ಬೆಳಗಿನ ಜಾವ. ಹೊರಗಿನವರನ್ನು ಒಳಗೆ ಬಿಡುವ ಹಾಗಿಲ್ಲ, ಆದರೂ ಬಿಟ್ಟೆ. ಈಗ ಪೆನ್ಷನ್ ಬರುತ್ತಿದೆ, ಹೇಳಬಹುದು. ಕಂಟ್ರೋಲ್ ರೂಮಿನ ಜಗಲಿಯ ಮೇಲೆ ಪೇಟಿ ಇಟ್ಟುಕೊಂಡು ಕೂತರು. ಬೇಲಿಯಾಚೆ ದೊಡ್ಡ ಟ್ರಾನ್ಸ್‌ಫಾರ್ಮರ್ ಎಂದಿನಂತೆ ಗುಂಯ್ ಅನ್ನುತ್ತಿತ್ತು. ಮಾಸ್ತರರು ಸ್ವಲ್ಪ ಹೊತ್ತು ತಲೆ ವಾಲಿಸಿ ಕೇಳಿದರು. ಖರ್ಜದ, ಅಂದರೆ ಕೆಳಗಿನ ದಪ್ಪ ದನಿಯ ಸಾಲಿನ, ಬಿಳಿ ಐದನ್ನು (ಐದನೇ ಬಿಳಿ ಮನೆಯನ್ನು) ಒತ್ತಿ, ತಿದಿ ಎಳೆದರು. ಪೇಟಿಯ ದನಿ ಕೇಳಿಸಲೇ ಇಲ್ಲ! ಟ್ರಾನ್ಸ್‌ಫಾರ್ಮರಿನೊಳಗೆ ಹೋಗಿ ಕೂತುಬಿಟ್ಟಿತ್ತು. ಅವರು ಬೆರಳು ಎತ್ತಿದಾಗ ಮಾತ್ರ, ಏನೋ ಕಡಿಮೆಯಾಯಿತು ಅನ್ನಿಸುತ್ತಿತ್ತು. "ಲೇ, ನಿನ್ನ ಮಷೀನು ನನ್ನ ಪೇಟಿ ಶ್ರುತಿಗೇ ಐತಲ್ಲೋ" ಅಂದರು.

ನಾನು ಒಳಗೆ ಹೋಗಿ ಮೀಟರ್ ನೋಡಿದೆ. ಹಳೆಯ ಕಂಟ್ರೋಲ್ ರೂಮುಗಳಲ್ಲಿ ರೀಡ್ ಜಾತಿಯ ಫ್ರೀಕ್ವೆನ್ಸಿ ಮೀಟರ್ ಇರುತ್ತಿತ್ತು, ಕರೆಂಟು ಸೆಕೆಂಡಿಗೆ ಎಷ್ಟು ಸುತ್ತು ಅಂತ ತೋರಿಸುವುದು. ಗಾಜಿನ ಹಿಂದೆ ಉಕ್ಕಿನ ತೆಳು ಪಟ್ಟಿಗಳ ಸಾಲು, ತುದಿಗೆ ಬಿಳಿ ಬಣ್ಣ. ಒಂದೊಂದು ಪಟ್ಟಿ ಒಂದೊಂದು ಫ್ರೀಕ್ವೆನ್ಸಿಗೆ ಶ್ರುತಿಯಾಗಿರುತ್ತದೆ. ಲೈನಿನಲ್ಲಿ ಯಾವುದು ಹರಿಯುತ್ತಿದೆಯೋ ಆ ಪಟ್ಟಿ ಮಾತ್ರ ನಡುಗಿ, ಅದರ ಬಿಳಿ ತುದಿ ಅಗಲವಾಗಿ ಕಾಣುತ್ತದೆ. ಮಾಸ್ತರರಿಗೆ ತೋರಿಸಿದರೆ, "ಇದೂ ಪೇಟಿನೇ ಬಿಡು" ಅಂದರು. ಆ ರಾತ್ರಿ ನಡುಗುತ್ತಿದ್ದದ್ದು 49ರ ಪಟ್ಟಿ.

ಲೆಕ್ಕ ಸರಳ. ಟ್ರಾನ್ಸ್‌ಫಾರ್ಮರಿನ ಒಳಗಿರುವ ಕಬ್ಬಿಣದ ತಿರುಳು ಕರೆಂಟಿನ ಒಂದೊಂದು ಸುತ್ತಿಗೆ ಎರಡೆರಡು ಸಲ ಹಿಗ್ಗಿ ಕುಗ್ಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಕಿವಿಗೆ ಕೇಳುವಷ್ಟು. ಲೈನು 49 ಇದ್ದರೆ ಗುಂಯ್ ಸದ್ದು ಸೆಕೆಂಡಿಗೆ 98 ಕಂಪನ. ಪೇಟಿಯ ಬಿಳಿ ಐದು, ಖರ್ಜದಲ್ಲಿ, 98. ಇರಬೇಕಾದದ್ದು 50. ಆದರೆ ಆ ವರ್ಷಗಳಲ್ಲಿ ದಕ್ಷಿಣದ ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಬೇಡಿಕೆ ಹೆಚ್ಚು, ಉತ್ಪಾದನೆ ಕಡಿಮೆ. ಎತ್ತಿಗೆ ಭಾರ ಹೆಚ್ಚಾದರೆ ಹೆಜ್ಜೆ ನಿಧಾನವಾಗುವ ಹಾಗೆ ಜನರೇಟರ್‌ಗಳ ವೇಗ ಇಳಿದು 49, ಒಮ್ಮೊಮ್ಮೆ ಅದಕ್ಕೂ ಕೆಳಗೆ ಓಡುತ್ತಿದ್ದವು. ನಮ್ಮ ಬಡತನ ಪೇಟಿಯ ಶ್ರುತಿಗೆ ಸರಿಹೊಂದಿತ್ತು, ಅಷ್ಟೇ.

ಆಮೇಲೆ ದಿನ ಸುಧಾರಿಸಿದವು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್ ಲೈನು ಚಾಲೂ ಆಯಿತು. ಅಲ್ಲಿಯವರೆಗೆ ದಕ್ಷಿಣದ ಗ್ರಿಡ್ ಒಂದು ಶ್ರುತಿ, ಉಳಿದ ದೇಶದ ಗ್ರಿಡ್ ಇನ್ನೊಂದು ಶ್ರುತಿ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿದ್ದು ನಮ್ಮೂರಿನಿಂದ ಹೊರಟ ಆ ತಂತಿ. ಇವತ್ತು ಕಾಶ್ಮೀರದ ಟ್ರಾನ್ಸ್‌ಫಾರ್ಮರೂ ಕನ್ಯಾಕುಮಾರಿಯ ಟ್ರಾನ್ಸ್‌ಫಾರ್ಮರೂ ಅನ್ನುವುದು ಒಂದೇ ಸ್ವರ. ರಾಯಚೂರು ಅಂದರೆ ಬಿಸಿಲು, ಅಕ್ಕಿ, ಶಾಖೋತ್ಪನ್ನ ಕೇಂದ್ರ ಅನ್ನುವವರಿಗೆ ಇದನ್ನೂ ಹೇಳಿ. ನಿವೃತ್ತಿಗೆ ಮುಂಚೆ ಮತ್ತೆ ಪೇಟಿ ತರಿಸಿ ನೋಡಿದೆ. ಈಗ ಲೈನು 50, ಗುಂಯ್ 100, ಪೇಟಿ 98. ನಡುವಿನ ಎರಡು ಕಂಪನದ ಅಂತರ ಒಂದು ಅಲೆಯಾಗಿ ಕೇಳಿಸಿತು: ಸೆಕೆಂಡಿಗೆ ಎರಡು ಸಲ ಉಬ್ಬುವುದು, ಎರಡು ಸಲ ತಗ್ಗುವುದು. ವಾಂವ್ ವಾಂವ್ ವಾಂವ್. ಪೇಟಿಯಲ್ಲೂ ಆ ಅಲೆ ಇಲ್ಲ, ಟ್ರಾನ್ಸ್‌ಫಾರ್ಮರಲ್ಲೂ ಇಲ್ಲ. ಎರಡೂ ಕೂಡಿದ ಕಡೆ ಹುಟ್ಟಿದ್ದು. ಡ್ರೋನ್ ಸಂಗೀತ ಮಾಡುವವರ ಅರ್ಧ ಬಂಡವಾಳ ಈ ಅಲೆಯೇ.

ಅಮೆರಿಕದಲ್ಲಿ ಲಾ ಮಾಂಟೆ ಯಂಗ್ ಅಂತ ಒಬ್ಬರು. 1935ರಲ್ಲಿ ಐಡಾಹೋ ರಾಜ್ಯದ ಬರ್ನ್ ಅನ್ನುವ ಸಣ್ಣ ಹಳ್ಳಿಯಲ್ಲಿ, ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ದಿಮ್ಮಿಗಳ ಸಂದಿನಲ್ಲಿ ಗಾಳಿ ಊಳಿಡುವುದನ್ನು, ಅಜ್ಜ ನೋಡಿಕೊಳ್ಳುತ್ತಿದ್ದ ಪೆಟ್ರೋಲ್ ಬಂಕಿನ ಹತ್ತಿರ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುವುದನ್ನು ಕೇಳುತ್ತ ನಿಲ್ಲುತ್ತಿದ್ದರಂತೆ. ಇದನ್ನು ಓದಿದ ದಿನ ನಾನು ಎದ್ದು ಓಡಾಡಿದೆ. ಮೂವತ್ತು ವರ್ಷ ಕೇಳಿದ್ದು ನಾನು, ಹೆಸರು ಮಾಡಿದ್ದು ಅವರು! 1960ರಲ್ಲಿ ಅವರು ಬರೆದ ಒಂದು ಕೃತಿಯಲ್ಲಿ ಇರುವುದು ಎರಡೇ ಸ್ವರ, ನಮ್ಮ ಭಾಷೆಯಲ್ಲಿ ಷಡ್ಜ-ಪಂಚಮ, ಸ ಮತ್ತು ಪ. ಜೊತೆಗೆ ಒಂದು ಸೂಚನೆ: ಬಹಳ ಹೊತ್ತು ಹಿಡಿದಿರಬೇಕು. ಮುಗಿಯಿತು. ಮುಂದೆ ಗೆಳೆಯರನ್ನು ಕೂಡಿಸಿ ಮೇಳ ಕಟ್ಟಿದಾಗ, ಮನೆಯಲ್ಲಿ ಆಮೆ ಸಾಕಿದ್ದ ಗಾಜಿನ ತೊಟ್ಟಿಯ ಮೋಟರಿನ ಸದ್ದಿಗೇ ವಾದ್ಯಗಳನ್ನು ಶ್ರುತಿ ಮಾಡಿಕೊಂಡರು. ಅಲ್ಲಿಯ ಕರೆಂಟು ನಮ್ಮ ಹಾಗೆ 50 ಅಲ್ಲ, 60. ಹಾಗಾಗಿ ಅವರ ಊರಿನ ಷಡ್ಜ ನಮಗಿಂತ, ಪೇಟಿಯಲ್ಲಿ ಕರಿ-ಬಿಳಿ ಕೂಡಿ, ಸುಮಾರು ಮೂರು ಮನೆ ಮೇಲೆ.

ಈಗ ಕಥೆ ನಮ್ಮ ಕಡೆ ತಿರುಗುತ್ತದೆ. 1970ರಲ್ಲಿ ಪಂಡಿತ್ ಪ್ರಾಣನಾಥ್ ನ್ಯೂಯಾರ್ಕಿಗೆ ಹೋದರು. ಲಾಹೋರಿನಲ್ಲಿ ಹುಟ್ಟಿ, ಕಿರಾನಾ ಘರಾಣೆ ಅನ್ನುವ ಹಾಡುಗಾರಿಕೆಯ ಪರಂಪರೆಯ ಅಬ್ದುಲ್ ವಹೀದ್ ಖಾನರ ಬಳಿ ಕಲಿತವರು. ವಹೀದ್ ಖಾನರು ಅಬ್ದುಲ್ ಕರೀಂ ಖಾನರ ಬಂಧು. ಕರೀಂ ಖಾನರು ಯಾರು ಅಂತ ಈ ಸಭೆಗೆ ಹೇಳಬೇಕೇ? ಮಿರಜದಲ್ಲಿ ನೆಲೆಸಿ, ಕುಂದಗೋಳದ ರಾಮಭಾವುಗೆ ವಿದ್ಯೆ ಕೊಟ್ಟವರು. ಆ ರಾಮಭಾವು ಸವಾಯಿ ಗಂಧರ್ವರಾಗಿ ಗಂಗೂಬಾಯಿ ಹಾನಗಲ್ ಅವರಿಗೂ ಭೀಮಸೇನ ಜೋಶಿಯವರಿಗೂ ಕಲಿಸಿದರು. ಅಂದರೆ ಒಂದೇ ಬಳ್ಳಿಯ ಒಂದು ಕುಡಿ ಕುಂದಗೋಳಕ್ಕೆ, ಇನ್ನೊಂದು ಕುಡಿ ನ್ಯೂಯಾರ್ಕಿಗೆ. ಲಾ ಮಾಂಟೆ ಯಂಗ್, ಅವರ ಹೆಂಡತಿ ಮರಿಯನ್ ಜಜೀಲಾ, ಸಂಗೀತ ರಚನಕಾರ ಟೆರ್ರಿ ರೈಲಿ ಎಲ್ಲರೂ ಪ್ರಾಣನಾಥರ ಶಿಷ್ಯರಾಗಿ ತಂಬೂರಿ ಹಿಡಿದು ಕೂತರು. 1982ರಲ್ಲಿ ಯಂಗ್ ದಂಪತಿ ಗುರುಗಳ ತಂಬೂರಿಗಳನ್ನಷ್ಟೇ ನುಡಿಸಿ ಧ್ವನಿಮುದ್ರಿಸಿದರು. ಒಂದು ಗಂಟೆಗೂ ಮಿಕ್ಕಿ, ಹಾಡಿಲ್ಲ, ತಾಳವಿಲ್ಲ, ಬರೀ ತಂಬೂರಿ. ಅದು 1999ರಲ್ಲಿ ಹೊರಬಂತು.

(ಇಲ್ಲಿ ಅದರ ನಾಲ್ಕು ನಿಮಿಷ ಕೇಳಿಸಿದೆ. ಎರಡನೇ ನಿಮಿಷಕ್ಕೆ ಹಿಂದಿನಿಂದ ಒಬ್ಬರು, "ಸರ್, ಸುರು ಯಾವಾಗ ಆಗ್ತದ್ರಿ?" ಅಂದರು. ಸಭೆ ನಕ್ಕಿತು, ನಾನೂ ನಕ್ಕೆ.)

ಆ ಪ್ರಶ್ನೆ ಬಹಳ ಸರಿಯಾದದ್ದು. ನಾವು ತಂಬೂರಿಯನ್ನು ಅಂಗಳದ ಹಾಗೆ ನೋಡಿದ್ದೇವೆ, ಮನೆಯೊಳಗೆ ಹೋಗುವುದಕ್ಕೆ ದಾಟುವ ಜಾಗ. ಇವರು ಅಂಗಳದಲ್ಲೇ ಚಾಪೆ ಹಾಸಿದರು. ನಮ್ಮ ಜಿಲ್ಲೆ ದಾಸರ ಜಿಲ್ಲೆ. ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ಯಾರ ಪಟ ತೆಗೆದು ನೋಡಿ, ಹೆಗಲಿಗೆ ತಂಬೂರಿ ಇದ್ದೇ ಇದೆ. ದಿನಾ ನೋಡುತ್ತೇವೆ, ಹೂ ಏರಿಸುತ್ತೇವೆ. ಆ ತಂತಿಯ ಒಳಗೆ ಏನಿದೆ ಅಂತ ಕೇಳಿದ್ದೇವೆಯೇ?

ಒಂದು ತಂತಿಯನ್ನೇ ನೋಡೋಣ. ಇದು ನಮ್ಮ ಮೇಳದ ತಂಬೂರಿ, ಮಿರಜದ್ದು. ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊತ್ತ ಈ ಪಟ್ಟಿಯ ಮೇಲೆ, ತಂತಿಯ ಅಡಿಗೆ ಹತ್ತಿಯ ಎಳೆ ಇದೆಯಲ್ಲ, ಅದು ಜೀವಾಳಿ. ಈಗ ಅದನ್ನು ಪೂರ್ತಿ ಹಿಂದಕ್ಕೆ ಸರಿಸುತ್ತೇನೆ. ಕೇಳಿ: ಟಣ್. ಬೋಳು ಸದ್ದು, ಹಗ್ಗ ಬಡಿದ ಹಾಗೆ. ಕೂದಲೆಳೆಯಷ್ಟು ಮುಂದೆ… ಇನ್ನೂ ಸ್ವಲ್ಪ… ಹಾಂ. ಈಗ ತಂತಿ ಅರಳಿತು. ಇದಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ಕೋಳಿ, ಜೋಳ, ಬದನೆಕಾಯಿ ಅಥವಾ ನನ್ನಂಥ ಮನುಷ್ಯ. ತಂಬೂರಿಯ ಜವಾರಿ ಬೇರೆ, ಆದರೆ ರುಚಿಯ ಮಾತು ಎರಡಕ್ಕೂ ಹೊಂದುತ್ತದೆ. ಕುದುರೆಯ ಮೇಲ್ಮೈ ಚಪ್ಪಟೆಯಲ್ಲ, ಸಣ್ಣ ಉಬ್ಬು ಇದೆ. ಕಂಪಿಸುವ ತಂತಿ ಅದನ್ನು ಸವರಿ ಸವರಿ ಹೋಗುತ್ತದೆ. ಹಾಗೆ ಸವರಿದಾಗಲೆಲ್ಲ ಮೂಲ ಸ್ವರದ ಬಲ ಮೇಲಿನ ಸ್ವರಗಳಿಗೆ ಹಂಚಿಹೋಗುತ್ತದೆ. 1921ರಲ್ಲಿ ಸಿ.ವಿ. ರಾಮನ್ ಕಲ್ಕತ್ತದಲ್ಲಿ ಕೂತು ಇದರ ಬಗ್ಗೆ ಬರೆದರು. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ ಕೆಲವು ಮೇಲ್ಸ್ವರಗಳು ಹುಟ್ಟಲೇಬಾರದು ಅಂತ ಶಾಸ್ತ್ರದ ನಿಯಮ. ತಂಬೂರಿಯಲ್ಲಿ, ವೀಣೆಯಲ್ಲಿ ಅವು ಗಟ್ಟಿಯಾಗಿ ಹುಟ್ಟುತ್ತವೆ ಅಂತ ತೋರಿಸಿದರು. ಖರ್ಜದ ತಂತಿಯಿಂದ ಗಾಂಧಾರ, ಅಂದರೆ ಗ, ಕೇಳುತ್ತದೆ, ಯಾರೂ ಗಾಂಧಾರ ಮೀಟಿಲ್ಲ. ಅದನ್ನೇ ನಮ್ಮವರು ಸ್ವಯಂಭೂ ಗಾಂಧಾರ ಅಂದರು. ನಾಲ್ಕು ತಂತಿ ಕೂಡಿ ತಿರುಗುವಾಗ ಈ ತಾನೇ ಹುಟ್ಟಿದ ಸ್ವರಗಳು ಮಿಂಚುಹುಳದ ಹಾಗೆ ಒಂದು ಕಡೆ ಹತ್ತಿ ಇನ್ನೊಂದು ಕಡೆ ಆರುತ್ತವೆ. ಹಾಗಾಗಿ, ಏನೂ ಆಗುತ್ತಿಲ್ಲ ಅನ್ನುವುದು ಸುಳ್ಳು. ಆಗುತ್ತಿರುವುದು ಬಹಳ ಸಣ್ಣದು ಮತ್ತು ಬಹಳ ಹೆಚ್ಚು. ಹಾಡು ಇದ್ದಾಗ ಅದು ಕೇಳುವುದಿಲ್ಲ, ಹಗಲು ನಕ್ಷತ್ರ ಕಾಣದ ಹಾಗೆ.

ನಿಮ್ಮ ಬಾಯಿಯಲ್ಲೇ ಮಾಡಿ ನೋಡಬಹುದು. ಯಾವುದೋ ಒಂದು ಸ್ವರ ಹಿಡಿದು, ಅದನ್ನು ಅಲ್ಲಾಡಿಸದೆ, ಊ ಇಂದ ಈ ತನಕ ಬಾಯನ್ನು ನಿಧಾನಕ್ಕೆ ತೆರೆಯುತ್ತ ಹೋಗಿ. ಊ… ಓ… ಆ… ಏ… ಈ… (ಸಭೆಯವರೆಲ್ಲ ಮಾಡಿದರು. ಮೂರನೇ ಸಾಲಿನ ರೈತರ ದನಿ ಎಲ್ಲರಿಗಿಂತ ದೊಡ್ಡದು.) ಮೇಲೆ ತೆಳ್ಳಗೆ ಸಿಳ್ಳೆಯಂಥದ್ದು ಏರಿಹೋಯಿತು, ಕೇಳಿದಿರಾ? ಸೈಬೀರಿಯದ ದಕ್ಷಿಣ ಭಾಗದಲ್ಲಿ ತುವಾ ಅಂತ ನಾಡು. ಅಲ್ಲಿಯ ಕುರಿಗಾಹಿಗಳು ಈ ಸಿಳ್ಳೆಯನ್ನು ಆರಿಸಿ ಆರಿಸಿ ಹಾಡು ಕಟ್ಟುತ್ತಾರೆ, ಒಂದೇ ಗಂಟಲಿನಲ್ಲಿ ಶ್ರುತಿಯೂ ಹಾಡೂ. ಅದನ್ನು ಖೂಮೆಯ್ ಅನ್ನುತ್ತಾರೆ. ಎಡೆಬಿಡದ ಖರ್ಜವನ್ನು ಕೇಳಲು ಮಾತ್ರ ಸೈಬೀರಿಯಕ್ಕೆ ಹೋಗಬೇಕಿಲ್ಲ. 1966ರಿಂದ ಮುಂಡಗೋಡದಲ್ಲಿ ಟಿಬೆಟಿಯನ್ನರಿದ್ದಾರೆ. ಮಠದ ಪೂಜೆಯಲ್ಲಿ ಆಳೆತ್ತರ ಮೀರಿದ ಕಹಳೆ ಊದುವಾಗ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬರುತ್ತದೆ.

ಜಗತ್ತಿನ ವಾದ್ಯಗಳನ್ನು ತಂದು ಪ್ರಯೋಗ ಮಾಡಿದವರಲ್ಲಿ ನನಗೆ ಅಚ್ಚುಮೆಚ್ಚು ಯೋಶಿ ವಾಡಾ. ಕ್ಯೋಟೋದಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಹೋದ ಇವರೂ ಪ್ರಾಣನಾಥರ ಬಳಿ ಕಲಿತವರೇ. ಹೊಟ್ಟೆಪಾಡಿಗೆ ನಳದ ಕೆಲಸ. ಆ ನೀರಿನ ಪೈಪುಗಳನ್ನೇ ಜೋಡಿಸಿ, 1974ರ ಹೊತ್ತಿಗೆ ನೆಲದ ಮೇಲೆ ಚಾಚಿ ಮಲಗುವಷ್ಟು ಉದ್ದದ ಕಹಳೆ ಮಾಡಿದರು. ಬ್ಯಾಗ್‌ಪೈಪಿನ ಬೆನ್ನು ಹತ್ತಿ ಅದನ್ನೂ ತಾವೇ ಕಟ್ಟಿದರು. 1982ರಲ್ಲಿ ಹೊರಬಂದ ಅವರ ಒಂದು ಧ್ವನಿಮುದ್ರಣ ನೀರು ಖಾಲಿ ಮಾಡಿದ ಈಜುಕೊಳದ ಒಳಗೆ ಮಾಡಿದ್ದು. ಪೈಪ್ ರಿಂಚು ಹಿಡಿದ ಕೈ ಅಂತ ಅವರ ಮೇಲೆ ನನಗೆ ಸ್ವಲ್ಪ ಪಕ್ಷಪಾತ. ಇರಲಿ.

ಪೌಲಿನ್ ಒಲಿವೆರೋಸ್ ಅನ್ನುವ ಹೆಣ್ಣುಮಗಳು ಅಕಾರ್ಡಿಯನ್ ನುಡಿಸುತ್ತಿದ್ದರು. ಅದು ನಮ್ಮ ಪೇಟಿಯ ಅಕ್ಕ, ತಿದಿ ಒತ್ತಿದರೆ ಹಿತ್ತಾಳೆಯ ಅಥವಾ ಉಕ್ಕಿನ ನಾಲಿಗೆ ನುಡಿಯುತ್ತದೆ. 1988ರಲ್ಲಿ ವಾಷಿಂಗ್ಟನ್ ರಾಜ್ಯದ ಹಳೆಯ ಸೇನಾ ಕೋಟೆಯೊಂದರ ನೆಲದಡಿ, 14 ಅಡಿ ಆಳದ ಖಾಲಿ ನೀರಿನ ತೊಟ್ಟಿಗೆ ಇಬ್ಬರು ಜೊತೆಗಾರರೊಂದಿಗೆ ಇಳಿದರು. ಟ್ರಾಂಬೋನ್ ಇತ್ತು, ಆಸ್ಟ್ರೇಲಿಯಾದ ಡಿಜೆರಿಡೂ ಇತ್ತು. ಅಲ್ಲಿ ಒಂದು ಸದ್ದು ಮಾಡಿದರೆ ಪೂರ್ತಿ ಅಡಗಲು 45 ಸೆಕೆಂಡು. ಅಂದರೆ ಮೊದಲು ನುಡಿಸಿದ ಸ್ವರ ಹೋಗುವ ಮುಂಚೆ ಹತ್ತು ಸ್ವರ ಬಂದು ಕೂತಿರುತ್ತವೆ. ನುಡಿಸುವವರು ತಮ್ಮದೇ ಹಳೆಯ ಸ್ವರಕ್ಕೆ ಶ್ರುತಿ ಕೂಡಿಸಿಕೊಳ್ಳಬೇಕು. (ಮೂರು ನಿಮಿಷ ಕೇಳಿಸಿದೆ. ಈ ಸಲ ಯಾರೂ ಕೆಮ್ಮಲಿಲ್ಲ.)

ಡಿಜೆರಿಡೂ ಬಗ್ಗೆ ಒಂದು ಮಾತು. ನೀಲಗಿರಿ ಜಾತಿಯ ಮರದ ತಿರುಳನ್ನು ಗೆದ್ದಲು ತಿಂದು ಟೊಳ್ಳು ಮಾಡಿರುತ್ತದೆ. ಅಂಥ ಮರವನ್ನು ಬಡಿದು ನೋಡಿ, ಕಡಿದು ತಂದು ಊದುತ್ತಾರೆ. ನಮ್ಮಲ್ಲಿ ಬಾಗಿಲಿಗೆ ಗೆದ್ದಲು ಹತ್ತಿದರೆ ಮನೆ ಹೋಯಿತು ಅಂತ ಅಳುತ್ತೇವೆ! ಉತ್ತರ ಆಸ್ಟ್ರೇಲಿಯಾದ ಆರ್ನ್‌ಹೆಮ್ ಲ್ಯಾಂಡಿನ ಮೂಲನಿವಾಸಿ ಯೋಲ್ಙು ಜನ ಇದನ್ನು ಯಿಡಕಿ ಅನ್ನುತ್ತಾರೆ. ಅವರಲ್ಲಿ ಇದು ಒಂಟಿ ವಾದ್ಯವಲ್ಲ, ಹಾಡಿಗೂ ಕೋಲುಗಳ ತಾಳಕ್ಕೂ ಜೊತೆ. ಒಂಟಿಯಾಗಿ ಹಿಡಿದು ವೇದಿಕೆಗೆ ತಂದವರು ಹೊರಗಿನವರು. ತಂಬೂರಿಗೆ ಆದದ್ದೇ ಅದಕ್ಕೂ ಆಗಿದೆ. ನನಗೆ ತಕರಾರಿಲ್ಲ, ಆದರೆ ಯಾರ ಮನೆಯಿಂದ ತಂದದ್ದು ಅಂತ ಗೊತ್ತಿರಬೇಕು. ಜಪಾನಿನ ಶೋ ಅನ್ನುವ ಊದುವ ವಾದ್ಯ ಇನ್ನೂ ಸೂಕ್ಷ್ಮ. 17 ಬಿದಿರು ಕೊಳವೆ, ಉಸಿರು ಎಳೆದರೂ ಬಿಟ್ಟರೂ ನುಡಿಯುತ್ತದೆ. ಉಸಿರಿನ ತೇವ ಕೂತರೆ ನಾಲಿಗೆ ಮಂಕಾಗುತ್ತದೆ ಅಂತ ನಡುನಡುವೆ ಕೆಂಡದ ಮೇಲೆ ತಿರುಗಿಸಿ ಕಾಯಿಸುತ್ತಾರೆ. ಬಾರಿಸುವ ಹಲಗೆಯನ್ನು ಕಾಯಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಮೊಬೈಲಿನಲ್ಲಿ 'ಧ್ಯಾನ ಸಂಗೀತ, ಎಂಟು ಗಂಟೆ' ಅಂತ ಸಿಗುವುದರಲ್ಲಿ ಬಹಳಷ್ಟು ನೀರು ಬೆರೆಸಿದ ಮಜ್ಜಿಗೆ. ಒಂದು ಬಟ್ಟಲು ಬಡಿದು, ಅದನ್ನೇ ಯಂತ್ರದಲ್ಲಿ ಉದ್ದ ಎಳೆದು, ಮೇಲೆ ಮೂರು ರೋಗ ವಾಸಿ ಅಂತ ಬರೆದಿರುತ್ತಾರೆ. ನಾನು ಹತ್ತು ನಿಮಿಷ ಕೇಳುತ್ತೇನೆ. ಒಳಗೆ ಏನೂ ಕದಲದಿದ್ದರೆ ಬಂದ್ ಮಾಡಿ ಪೇಪರ್ ಓದುತ್ತೇನೆ.

ಕೇಳುವುದು ಹೇಗೆ ಅಂತ ಸಭೆಯಿಂದ ಅಕ್ಕನವರೊಬ್ಬರು ಚೀಟಿ ಕಳಿಸಿದ್ದಾರೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ಖರ್ಜವೇ ಬರುವುದಿಲ್ಲ. ಇಪ್ಪತ್ತು ನಿಮಿಷ ಕೊಡಿ. ಮೊದಲ ಐದು ನಿಮಿಷ ತಲೆಯೊಳಗೆ ಗ್ಯಾಸ್ ಬುಕಿಂಗು, ಮಗಳ ಫೀಸು ಎಲ್ಲ ಓಡುತ್ತವೆ. ಓಡಲಿ. ಆಮೇಲೆ ತಲೆಯನ್ನು ಒಂದು ಗೇಣು ಆಚೆ ಈಚೆ ಮಾಡಿ. ನಿಂತ ಸ್ವರ ಕೋಣೆಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಇರುತ್ತದೆ. ನೀವು ಅಲ್ಲಾಡಿದರೆ ಸಂಗೀತ ಬದಲಾಗುತ್ತದೆ. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ ಯಂಗ್ ದಂಪತಿ 1993ರಲ್ಲಿ ಮಾಡಿದ 'ಡ್ರೀಮ್ ಹೌಸ್' ಅಂತ ಒಂದು ಕೋಣೆ ಇದೆ. ಅಲ್ಲಿ ಯಂತ್ರದಿಂದ ಹೊರಡುವ ಸ್ವರಗಳು ಕಡಿಯದೆ ನುಡಿಯುತ್ತಲೇ ಇರುತ್ತವೆ, ಜನ ಒಳಗೆ ನಡೆದಾಡಿ ಕೇಳುತ್ತಾರೆ. ಇಲ್ಲಿಯೇ ಅಭ್ಯಾಸ ಮಾಡಬೇಕೆಂದರೆ ಈ ಮೈಕ್‌ಸೆಟ್ಟಿನ ಗುಂಯ್ ಕೇಳಿ. ಸಂಜೆಯಿಂದ ಜೊತೆಗಿದೆ. ಅರ್ಥಿಂಗ್ ಸರಿಯಿಲ್ಲ, ನಾನು ಆಗಲೇ ಹೇಳಿದ್ದೇನೆ.

ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಆಮೇಲೆ ನಡೆದದ್ದನ್ನೂ ಬರೆಯಬೇಕು. ಚಹಾ ಹಂಚುವಾಗ ಹಿಂದಿನ ಸಾಲಿನಿಂದ ಒಬ್ಬ ಯಜಮಾನರು ಬಂದರು. "ಸುರು ಯಾವಾಗ" ಅಂತ ಕೇಳಿದ್ದವರು ಅವರೇ. ಸನಾದಿ ಮೇಳದವರು. ಮುಂದೆ ಕೂತು ಹಾಡು ನುಡಿಸುವವರಲ್ಲ, ಪಕ್ಕದಲ್ಲಿ ಶ್ರುತಿ ಹಿಡಿಯುವವರು. ಕೆನ್ನೆಯಲ್ಲಿ ಗಾಳಿ ಕಟ್ಟಿಕೊಂಡು, ಬಾಯಿಂದ ಅದನ್ನು ಒತ್ತುತ್ತಲೇ ಮೂಗಿನಿಂದ ಹೊಸ ಉಸಿರು ಎಳೆದು, ಸ್ವರ ಕಡಿಯದ ಹಾಗೆ ನೋಡಿಕೊಳ್ಳುವುದು. ಪತ್ತಾರರು ಊದುಗೊಳವೆಯಿಂದ ಬೆಂಕಿ ಊದುವುದೂ ಹಾಗೇ, ಯಿಡಕಿ ಊದುವುದೂ ಹಾಗೇ.

"ನಲವತ್ತು ವರ್ಷ ಹಿಡದೀನ್ರಿ," ಅಂದರು. "ಆ ಕೋಣ್ಯಾಗ ಸ್ವರ ನಿಲ್ಲೂದೇ ಇಲ್ಲ ಅಂದ್ರಲ್ಲ, ಉಸುರು ಎಲ್ಲಿ ತಗೋತಾರ?"

"ಅದು ಯಂತ್ರ ರೀ, ಯಜಮಾನರ. ಮನುಷ್ಯರಿಲ್ಲ."

"ಓ," ಅಂದರು. ಸ್ವಲ್ಪ ನಿರಾಸೆಯಾದ ಹಾಗಿತ್ತು. ಚೀಲದಿಂದ ಬಟ್ಟೆ ಸುತ್ತಿದ ಶ್ರುತಿಯ ಸನಾದಿ ತೆಗೆದು, ಓಲೆಯ ನಾಲಿಗೆಯನ್ನು ಬಾಯಲ್ಲಿಟ್ಟು ನೆನೆಸಿದರು. ಬಲಗೈ ಎತ್ತಿ ಫ್ಯಾನಿನ ಕಡೆ ತೋರಿಸಿದರು, ಯಾರೋ ಬಂದ್ ಮಾಡಿದರು. ಮೈಕ್‌ಸೆಟ್ಟಿನವನು ತಾನೇ ಹೋಗಿ ಸ್ವಿಚ್ ಆರಿಸಿದ. ಒಂದೇ ಸ್ವರ. ನಾನು ಗಡಿಯಾರ ನೋಡಿಕೊಂಡಿದ್ದೆ: ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಎರಡನೇ ನಿಮಿಷದ ಹೊತ್ತಿಗೆ ಮೂರನೇ ಸಾಲಿನ ರೈತರು ಚಹಾದ ಲೋಟ ಕೆಳಗಿಟ್ಟು, ತಲೆಯನ್ನು ಒಂದು ಗೇಣು ಎಡಕ್ಕೆ, ಒಂದು ಗೇಣು ಬಲಕ್ಕೆ ಮಾಡಿ ನೋಡುತ್ತಿದ್ದರು. ಅಷ್ಟರಲ್ಲಿ ಯಜಮಾನರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮದುವೆ ಮೆರವಣಿಗೆ ಹೊರಟಿತ್ತಂತೆ, ಶ್ರುತಿಯವನಿಗಾಗಿ ಕಾಯುತ್ತಿದ್ದರು.